ಎದುರು ಮುಖದ ವಿಮಾನ

ನಮ್ಮ ಚಾಳಿನ ಕಾಕಾ ಯಾರನ್ನಾದರೂ ನೋಡಬೇಕಾದರೆ ಮೊದಲು ಅವರನ್ನು ಹುಡುಕಬೇಕಾಗಿತ್ತು. ಎದುರಿಗೇ ನಿಂತಿದ್ದರೂ ಅಷ್ಟೇ. ಕತ್ತಲ ಕೋಣೆಯಲ್ಲಿ ಬ್ಯಾಟರಿ ಆಡಿಸುವವರ ಹಾಗೆ ಮುಖವನ್ನು ಆಚೀಚೆ ಹೊರಳಿಸುತ್ತ ಹೋಗಿ, ನಿಮ್ಮ ಮೂಗೋ ಕಿವಿಯೋ ಕಣ್ಣಿಗೆ ಬಿದ್ದ ಕೂಡಲೇ ಕತ್ತನ್ನು ಅಲ್ಲೇ ನಿಲ್ಲಿಸಿ, "ಹಾಂ, ಸಿಕ್ಕಿ ನೋಡು" ಅನ್ನುತ್ತಿದ್ದರು. ಸಿಕ್ಕವನಿಗೆ ಮೈ ಜುಂ ಅನ್ನುತ್ತಿತ್ತು. ಎಷ್ಟೋ ಸಲ ಅವರು ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿ ಮುಗುಳ್ನಗುವಾಗ, ಅಲ್ಲಿ ಯಾರಾದರೂ ನಿಂತಿರಬಹುದೇ ಎಂದು ನಾನೂ ತಿರುಗಿ ನೋಡಿದ್ದುಂಟು.

ಅವರಿಗೆ ಕಾಚಬಿಂದು ಆಗಿತ್ತು. ಕಣ್ಣಿನ ಅಂಚಿನಿಂದ ಕತ್ತಲು ಸುತ್ತುವರಿದು ಬರುತ್ತಿತ್ತು, ನಡುವೆ ಒಂದು ಕಿಂಡಿ ಮಾತ್ರ ಉಳಿದಿತ್ತು. ಮೊದಲು ರೂಪಾಯಿ ನಾಣ್ಯದಷ್ಟಿದ್ದದ್ದು ಈಗ ನಾಲ್ಕಾಣೆಯಷ್ಟಾಗಿದೆ ಎಂದು ಅವರೇ ಅಳತೆ ಹೇಳುತ್ತಿದ್ದರು. ಡ್ರಾಫ್ಟ್ಸ್‌ಮನ್ ಆಗಿ ನಕ್ಷೆ ಬರೆದವರು, ಅಳತೆಯಿಲ್ಲದೆ ಮಾತಾಡಿದವರಲ್ಲ. ಬರುವ ಮಳೆಗಾಲ ಮುಗಿಯುವಷ್ಟರಲ್ಲಿ ಕಿಂಡಿ ಮುಚ್ಚಬಹುದು ಎಂದು ಡಾಕ್ಟರು ಹೇಳಿದ್ದರು.

ಧಾರವಾಡದ ಕಡೆಯವರು, ನಮ್ಮ ಗೋಡೆಗೆ ಅವರ ಗೋಡೆ. ಹಾಗಾಗಿ ಕಾಕಾ, ಅವರ ಹೆಂಡತಿ ಕಾಕು. ರಕ್ತಸಂಬಂಧ ಏನೂ ಇರಲಿಲ್ಲ.

ಆಗ ನನಗೆ ಇಪ್ಪತ್ತು ದಾಟಿತ್ತು. ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್. ಅದು ಹೊಟ್ಟೆಪಾಡು. ನಿಜವಾದ ಉದ್ಯೋಗವೆಂದರೆ ನಕಲು. ಮಾಟುಂಗದ ಗಣಪತಿ ಹಬ್ಬದ ಪೆಂಡಾಲಿನಲ್ಲಿ ಲೋಕಲ್ ಟ್ರೇನಿನ ಅನೌನ್ಸರ್, ಇಡ್ಲಿ ತಂದಿಟ್ಟು ಮಾಯವಾಗುವ ಉಡುಪಿ ಹೋಟೆಲಿನ ಮಾಣಿ, ಬಾಡಿಗೆ ಕೇಳಲು ಬಂದು ಬಾಗಿಲಲ್ಲಿ ಕೆಮ್ಮುವ ಮಾಲಕ, ಮಾತು ಮುಗಿಸಲು ಬಾರದ ಸಂಘದ ಅಧ್ಯಕ್ಷ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮಾನ ಕಳೆಯುತ್ತಿದ್ದೆ. "ನಿನ್ನ ನಕಲ್ ಒಂದ್ ಮಾಡಿ ತೋರಸು ನೋಡೂಣು" ಎಂದು ಕಾಕು ಒಮ್ಮೆ ಸವಾಲು ಹಾಕಿದಾಗ ಮಾತ್ರ ಬಾಯಿ ಕಟ್ಟಿತು. ಮೂಲ ಎಲ್ಲಿದೆ ಎಂದು ಗೊತ್ತಿದ್ದರೆ ತಾನೇ ನಕಲು!

ಕಾಕಾರ ಮಂಚದ ಕೆಳಗೆ ವಿಮಾನವಿತ್ತು. ಕಣ್ಣು ಚೆನ್ನಾಗಿದ್ದಾಗ ಶುರು ಮಾಡಿ, ಕಣ್ಣು ಕೆಡುತ್ತಿದ್ದಂತೆ ಮುಗಿಸಿದ್ದು. ಹತ್ತಿಯಷ್ಟು ಹಗುರಾದ ಬಾಲ್ಸಾ ಕಟ್ಟಿಗೆಯ ಎಲುಬು, ಅದರ ಮೇಲೆ ಕಾಕು ಅವರ ಹಳೆಯ ನೈಲಾನ್ ಸೀರೆ ಬಿಗಿದು ವಾರ್ನಿಶ್ ಬಳಿದದ್ದು. ಬಿಳಿಯ ಮೇಲೆ ದೊಡ್ಡ ದೊಡ್ಡ ಕಿತ್ತಳೆ ಹೂ. ಹಡಗಿನಲ್ಲಿ ಕೆಲಸಕ್ಕಿದ್ದ ಕಾಕು ಅವರ ತಮ್ಮ, ನೆಲದ ಮೇಲೆ ನಿಂತೇ ವಿಮಾನ ನಡೆಸುವ ರೇಡಿಯೋ ಡಬ್ಬಿ ತಂದುಕೊಟ್ಟಿದ್ದ. ಎರಡು ಕಡ್ಡಿ, ಉದ್ದನೆಯ ಏರಿಯಲ್. ಕಡ್ಡಿ ಅಲುಗಿಸಿದರೆ ಮಂಚದ ಕೆಳಗಿನ ಕತ್ತಲಲ್ಲಿ ವಿಮಾನದ ಬಾಲ ಕುಂಯ್ ಎಂದು ಅಲುಗುತ್ತಿತ್ತು.

"ನನ್ನ ಸೀರಿ ಉಟಗೊಂಡು ನನ್ನ ಗಂಡನ ಮಂಚದ ಕೆಳಗ ಮಲಗ್ಯಾಳ ಸವತಿ" ಎನ್ನುತ್ತಿದ್ದರು ಕಾಕು, ನೆಲ ಒರೆಸುವಾಗ.

ಕಾಕಾರಿಗೆ ಬೇಕಾದದ್ದು ಒಂದೇ. ಒಂದು ಸಂಜೆ ಮನೆಮುಂದಿನ ಗ್ಯಾಲರಿಯಲ್ಲಿ ನನ್ನನ್ನು ಹುಡುಕಿ ಹಿಡಿದು ಹೇಳಿದರು: "ಒಂದ್ ಸಲ ಅದು ಹಾರೂದನ್ನ ನೋಡಬೇಕಲೇ ತಮ್ಮಾ. ಬರೇ ನೋಡೂದು. ಆಮ್ಯಾಲ ಈ ಕಣ್ಣು ಏನರೆ ಮಾಡಿಕೊಳ್ಳಲಿ. ನೀ ಹಾರಸ್ತಿ?"

"ನಾನ್ಯಾಕ್ರೀ ಕಾಕಾ? ನನಗ ಸೈಕಲ್ ನೆಟ್ಟಗ ಬರೂದಿಲ್ಲ."

"ನೀ ಮಂಗ್ಯಾ ಇದ್ದೀ. ನಾ ಮಾಡಿದ್ದನ್ನ ಮಾಡ್ತಿ. ನನಗ ಅಷ್ಟ ಸಾಕು."

ಹೊಗಳಿಕೆ ಎಂದುಕೊಂಡು ಒಪ್ಪಿದೆ.

ಪಾಠ ನಡೆದದ್ದು ಗ್ಯಾಲರಿಯಲ್ಲೇ, ಎರಡು ಸ್ಟೂಲು ಹಾಕಿಕೊಂಡು, ಎದುರು ಬದುರು. ಪಕ್ಕದಲ್ಲಿ ಕೂತರೆ ನಾನು ಅವರ ಕಿಂಡಿಯಿಂದ ಆಚೆ ಬೀಳುತ್ತಿದ್ದೆ. ಕಾಕಾ ಎಡಗೈಯನ್ನು ವಿಮಾನದಂತೆ ಚಾಚುತ್ತಿದ್ದರು, ಬೆರಳ ತುದಿಯೇ ಮೂಗು. ಬಲಗೈ ಹೆಬ್ಬೆರಳು ಗಾಳಿಯಲ್ಲಿ ಇಲ್ಲದ ಕಡ್ಡಿಯನ್ನು ಒತ್ತುತ್ತಿತ್ತು. "ಹಿಂಗ ವಾಲ್ತಂದ್ರ, ಹಿಂಗ ಕೊಡು. ಹಿಂಗ ಎದ್ತಂದ್ರ, ಹಿಂಗ ಒತ್ತು." ಎಡ ಬಲ ಎಂಬ ಮಾತೇ ಇಲ್ಲ. ನಾನು ಡಬ್ಬಿ ಹಿಡಿದು ಅವರ ಹೆಬ್ಬೆರಳಿನ ಹಾಗೆ ನನ್ನ ಹೆಬ್ಬೆರಳನ್ನು ಆಡಿಸುತ್ತಿದ್ದೆ. ಬರೀ ಬೆರಳಲ್ಲ, ಒತ್ತುವಾಗ ಅವರು ತುಟಿ ಕಚ್ಚುವ ರೀತಿ, ಮೂಗಿನಲ್ಲಿ ಬಿಡುವ ಹೂಂಕಾರ, ಕತ್ತಿನ ಓರೆ, ಎಲ್ಲವೂ ತಾನಾಗಿ ನನ್ನೊಳಗೆ ಇಳಿಯಿತು.

ಅಲ್ಲಿಂದ ಒಂದು ವಿಚಿತ್ರ ಶುರುವಾಯಿತು. ಬೇರೆಯವರ ನಕಲನ್ನು ನಾನು ಬೇಕೆಂದಾಗ ಹಾಕಿಕೊಂಡು ಬೇಡವೆಂದಾಗ ಕಳಚುತ್ತಿದ್ದೆ. ಕಾಕಾ ಮಾತ್ರ ಕಳಚಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುತ್ತ, "ವೈನೀ, ಚಹಾ ಅದ ಏನು?" ಎಂದೆ. ವೈನಿ, ಅಂದರೆ ಅತ್ತಿಗೆ, ಎಂದು ಅವ್ವನನ್ನು ಕರೆಯುತ್ತಿದ್ದವರು ಕಾಕಾ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತಿದ್ದ ಅವ್ವ ಗಡಬಡಿಸಿ ಸೆರಗು ಸರಿಮಾಡಿಕೊಂಡು, "ಅದರೀ, ಒಳಗ ಬರ್ರಿ" ಎನ್ನುತ್ತ ತಿರುಗಿದಳು. ನನ್ನನ್ನು ಕಂಡು ಕೈಯಲ್ಲಿದ್ದ ಸೌಟನ್ನು ಎತ್ತಿದವಳು ಹೊಡೆಯಲಿಲ್ಲ.

"ಹಿಂಗ ಮಾಡಬ್ಯಾಡೋ" ಎಂದಳು, ದನಿ ಇಳಿಸಿ. "ಜೀವಂತ ಇದ್ದ ಮನಿಷ್ಯಾನ್ನ ಬಾಯಾಗ ಹೊತಗೊಂಡು ತಿರಗಬ್ಯಾಡ."

ನಾನು ನಕ್ಕೆ. ಆದರೆ ನಕಲು ಮಾಡಬೇಕೆಂದು ನಾನು ಬಾಯಿ ತೆರೆದಿರಲಿಲ್ಲ.

ಮೊದಲ ಸಲ ಪವಾಯಿ ಕೆರೆಗೆ ಹೋದದ್ದು ಗಾಳಿ ಇಲ್ಲದ ಬೆಳಗ್ಗೆ. ಕೆರೆಯ ಈಚೆ ದಂಡೆಯಲ್ಲಿ ಹುಲ್ಲಿನ ಬಯಲು, ಹಿಂದೆ ಗುಡ್ಡ, ಎಮ್ಮೆಗಳು ಬಿಟ್ಟರೆ ನರಪಿಳ್ಳೆ ಇಲ್ಲ. ವಿಮಾನವನ್ನು ಉದ್ದನೆಯ ಪೆಟ್ಟಿಗೆಯಲ್ಲಿಟ್ಟು, ಧೂಳು ಬೀಳದಿರಲೆಂದು ಕಾಕು ಬಿಳಿಯ ಚಾದರ ಸುತ್ತಿದ್ದರು. ಲೋಕಲ್‌ಗೆ ಹತ್ತಿದ್ದೇ ತಡ, ಬಾಗಿಲಲ್ಲಿ ಜೋತುಬಿದ್ದವರು ಸರಿದರು, ಒಳಗಿನವರು ಇನ್ನೂ ಒಳಗೆ ಹೋದರು. ಒಬ್ಬ ಮುದುಕ ಟೋಪಿ ತೆಗೆದ. ಇನ್ನೊಬ್ಬ ಕಾಕಾರಿಗೆ ಸೀಟು ಬಿಟ್ಟುಕೊಟ್ಟು, ಪೆಟ್ಟಿಗೆಯ ಅಳತೆಯನ್ನು ಕಣ್ಣಲ್ಲೇ ತೆಗೆದು, "ಕಿತನೇ ಸಾಲ್ ಕಾ ಥಾ?" ಎಂದು ಮೆಲ್ಲಗೆ ಕೇಳಿದ. ಎಷ್ಟು ವರ್ಷದ ಮಗು ಎಂದು. ಅವನ ತಲೆಯಲ್ಲಿ ಏನಿದೆ ಎಂದು ಕಾಕಾರಿಗೆ ಹೊಳೆಯಲಿಲ್ಲ.

"ಚಾರ್ ಸಾಲ್ ಲಗಾ" ಎಂದರು, ನಾಲ್ಕು ವರ್ಷ ಹಿಡಿಯಿತೆಂದು, ಹೆಮ್ಮೆಯಿಂದ.

ನಾನು ನಗು ನುಂಗಿಕೊಳ್ಳಲು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿದೆ. ಪಕ್ಕದವ ನನ್ನ ಬೆನ್ನು ಸವರಿ ಸಮಾಧಾನ ಮಾಡಿದ. ಲೋಕಲ್‌ನಲ್ಲಿ ಅಷ್ಟು ಜಾಗ ನನಗೆ ಎಂದೂ ಸಿಕ್ಕಿರಲಿಲ್ಲ. ಆದರೆ ಇಳಿಯುವ ಹೊತ್ತಿಗೆ ನನ್ನ ತೊಡೆಯ ಮೇಲಿನ ಪೆಟ್ಟಿಗೆ ನನಗೇ ಬೇರೆ ಥರ ಭಾರವಾಗಿತ್ತು.

ಇಂಜಿನ್ ಹಿಡಿಯಿತು. ಔಡಲೆಣ್ಣೆ ಬೆರೆಸಿದ ಇಂಧನದ ಹೊಗೆ ಮುಖಕ್ಕೆ ಬಂತು. ಕಾಕಾ ವಿಮಾನವನ್ನು ತಲೆಯ ಮೇಲೆತ್ತಿ ಎಸೆದರು. ನಮ್ಮಿಂದ ಆಚೆ, ಕೆರೆಯ ಕಡೆ ಹೋಯಿತು. ತುಸು ವಾಲಿತು. ಕಲಿಸಿದ ಹಾಗೆಯೇ ಹೆಬ್ಬೆರಳು ಒತ್ತಿದೆ. ಇನ್ನೂ ವಾಲಿತು. ಇನ್ನೂ ಒತ್ತಿದೆ. ರೆಕ್ಕೆ ನೆಟ್ಟಗೆ ನಿಂತೇಬಿಟ್ಟಿತು, ಬೇರೆ ಯಾರೋ ಅದರ ಕಿವಿ ಹಿಡಿದು ತಿರುಚುತ್ತಿರುವ ಹಾಗೆ. ಬೆವರಿನಲ್ಲಿ ಕಡ್ಡಿ ಜಾರಿತು. ಅದು ತಾನೇ ಒಂದು ಸುತ್ತು ಹೊಡೆದು ನಮ್ಮ ಕಡೆ ಮುಖ ಮಾಡಿತು, ಮಾಡಿದ್ದೇ ಸಾಧುವಾಯಿತು. ಹೇಳಿದ್ದು ಕೇಳಿತು. ಕೂದಲೆಳೆಯಷ್ಟು ಒತ್ತಿದರೆ ಕೂದಲೆಳೆಯಷ್ಟು ವಾಲಿತು. ತಲೆಯ ಮೇಲಿಂದ ದಾಟಿ ಬೆನ್ನು ತೋರಿಸಿತೋ ಇಲ್ಲವೋ ಮತ್ತೆ ಅದೇ ಹಟ, ಮತ್ತೆ ಅದೇ ಪರಕೀಯ ಕೈ. ಕೊನೆಗೆ ಗುಡ್ಡದ ಬುಡದ ಹುಲ್ಲಿನಲ್ಲಿ ಮೂಗು ಹುಗಿಯಿತು.

ಇಷ್ಟು ಹೊತ್ತೂ ಕಾಕಾ ಆಕಾಶದ ತುಂಬ ಮುಖ ಆಡಿಸುತ್ತಿದ್ದರು. "ಎಲ್ಲಿ? ಎಲ್ಲಿ ಅದ?" ಸದ್ದು ಕೇಳಿದ ಕಡೆ ಅವರು ತಿರುಗುವಷ್ಟರಲ್ಲಿ ವಿಮಾನ ಅಲ್ಲಿರುತ್ತಿರಲಿಲ್ಲ.

"ಕಂಡಿತೇನ್ರೀ?" ಎಂದೆ, ಮುರಿದ ರೆಕ್ಕೆ ಎತ್ತಿಕೊಂಡು ಬಂದು.

"ಒಮ್ಮೆ ಹಾದು ಹೋತು. ಬಾಗಲ ಸಂದ್ಯಾಗಿಂದ ಯಾರೋ ಹಾದು ಹೋದಂಗ."

ಆ ವಿಮಾನಕ್ಕೆ ಏನೋ ಮೆತ್ತಿಕೊಂಡಿದೆ ಎಂದು ನಾನು ಅವ್ವನಿಗೆ ಹೇಳಿದೆ. ಅವಳು ನನ್ನ ಅಂಗಿ ಮೂಸಿ, "ಔಡಲೆಣ್ಣಿ ಮೆತ್ತ್ಯದ, ಮತ್ತೇನಿಲ್ಲ. ಹೊಟ್ಟಿ ಕಟ್ಟಿದ್ರ ನನಗ ಹೇಳಬೇಕು, ಕದ್ದು ಕುಡೀಬಾರದು" ಎಂದಳು.

ಮರ್ಮ ಬಿಡಿಸಿದವರು ಕಾಕು. ರೆಕ್ಕೆ ರಿಪೇರಿಯಾಗಿ ಮತ್ತೆ ಗ್ಯಾಲರಿ ಪಾಠ ನಡೆದಿತ್ತು. ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು.

"ಏನ್ರೀ, ದಿನಾ ಆ ಹುಡುಗಗ ವಿಮಾನದ ಮಾರಿ ಒಂದ ತೋರಸ್ಲಿಕತ್ತೀರಿ. ಬೆನ್ನು ಯಾವಾಗ ತೋರಸಾವ್ರು?"

ಕಾಕಾ ತಮ್ಮ ಚಾಚಿದ ಕೈಯನ್ನು ನೋಡಿಕೊಂಡರು. ಬೆರಳುಗಳ ತುದಿ ನನ್ನ ಎದೆಗೆ ನೆಟ್ಟಿತ್ತು. ನಾನು ಅವರ ಹೆಬ್ಬೆರಳನ್ನು ಅವರಂತೆಯೇ ಕಲಿತಿದ್ದೆ, ವಿಮಾನವನ್ನು ಮಾತ್ರ ಎದುರಿನಿಂದ ಕಲಿತಿದ್ದೆ. ಅದು ನನ್ನತ್ತ ಬರುವಾಗ ನನ್ನ ಕೈ ಸರಿ, ನನ್ನಿಂದ ಹೋಗುವಾಗ ಪೂರ್ತಿ ತಪ್ಪು. ಬೇರೆ ಯಾವ ಶಿಷ್ಯನಾದರೂ ಗೊಂದಲಬಿದ್ದು ಪ್ರಶ್ನೆ ಕೇಳುತ್ತಿದ್ದ. ನಾನು ಅಚ್ಚುಕಟ್ಟಾಗಿ ಅಚ್ಚು ಒತ್ತಿಕೊಂಡಿದ್ದೆ. ಈಗ ಅದನ್ನು ಅಳಿಸಲು ನೋಡಿದರೆ ಬೆರಳು ಕೇಳುತ್ತಿರಲಿಲ್ಲ. ಅಳಿಸಿ ಹೊಸದಾಗಿ ಕಲಿಯುವಷ್ಟು ಪುರುಸೊತ್ತು ಕಾಕಾರ ಕಿಂಡಿಗೂ ಇರಲಿಲ್ಲ.

ಕಾಕಾ ಚಾಚಿದ ಕೈಯನ್ನು ಕೆಳಗಿಳಿಸಿದರು. ಆಮೇಲೆ ಗಾಳಿಯಲ್ಲಿ ಬೆರಳಿಂದ ಒಂದು ಗೆರೆ ಎಳೆದರು.

"ಗಾಳಿಗೆ ಬೆನ್ನ ಕೊಟ್ಟು ನಿಂದರೂಣು. ವಿಮಾನ ನಮ್ಮೆದರಿಗೆ ಇರಲಿ, ಮಾರಿ ನಮ್ಮ ಕಡೆ. ಅದು ಎಷ್ಟು ಜೋರು ಮುಂದ ಬರ್ತದೋ ಗಾಳಿ ಅಷ್ಟ ಜೋರು ಹಿಂದ ದಬ್ಬಿದ್ರ?"

"ಎಲ್ಲಿದ್ದದ್ದು ಅಲ್ಲೇ ನಿಂದರತದ."

"ನಿಂತ್ರ ನಿನಗ ಮಾರಿ ತಪ್ಪೂದಿಲ್ಲ. ನನಗ..." ಅವರ ಕತ್ತು ಆಡುವುದು ನಿಂತಿತ್ತು. "ನಿಂತದ್ದು ಏನಿದ್ರೂ ನನಗ ಸಿಗತದ."

ಎಲ್ಲರೂ ಗಾಳಿ ಇಲ್ಲದ ದಿನ ಹುಡುಕಿ ವಿಮಾನ ಕಲಿಯುತ್ತಾರಂತೆ. ನಾವು ಮಳೆಗೆ ಮುಂಚಿನ ಗಾಳಿಗಾಗಿ ಕಾದೆವು. ನೈಋತ್ಯದ ಕಡೆಯಿಂದ ಅದು ಬೀಸತೊಡಗಿ ಚಾಳಿನ ತಂತಿಯ ಮೇಲಿನ ಲುಂಗಿಗಳೆಲ್ಲ ಮೈತುಂಬಿಕೊಂಡು ಕುಣಿಯುವಾಗ, ಕಾಕಾ ಗ್ಯಾಲರಿಗೆ ಬಂದು ಕಿವಿ ನಿಮಿರಿಸಿ ನಿಲ್ಲುತ್ತಿದ್ದರು. ರಜೆ ಬಂದಾಗೆಲ್ಲ ಪವಾಯಿ. ಈಗ ಕಾಕು ಕೂಡ ಬರುತ್ತಿದ್ದರು, ಯಾಕೆಂದರೆ ವಿಮಾನವನ್ನು ಗಾಳಿಗೆ ಎದುರಾಗಿ, ಅಂದರೆ ನಮ್ಮ ಕಡೆಗೆ, ನೀರಿನಂಚಿನಿಂದ ಯಾರಾದರೂ ಎಸೆಯಬೇಕಿತ್ತು. ಅವರು ಕಚ್ಚೆ ಬಿಗಿದು, "ಹೋಗವ್ವಾ ನಮ್ಮವ್ವಾ, ನನ್ನ ಗಂಡನ್ನ ಮುಟ್ಟಬ್ಯಾಡ" ಎಂದು ಸವತಿಗೆ ತಾಕೀತು ಮಾಡಿ ಎಸೆಯುತ್ತಿದ್ದರು.

ಗಾಳಿಯಲ್ಲಿ ಹಾರಿಸುವುದನ್ನು ನನಗೆ ಕಲಿಸಿದ್ದು ನನ್ನ ಕತ್ತು. ಗಾಳಿ ಬೆನ್ನ ಹಿಂದಿನಿಂದ ಬರುತ್ತಿತ್ತಲ್ಲ, ಹಾಗಾಗಿ ಪ್ರತಿ ಬಿರುಸೂ ಮೊದಲು ನನ್ನನ್ನು ಮುಟ್ಟಿ ಆಮೇಲೆ ವಿಮಾನವನ್ನು ಮುಟ್ಟುತ್ತಿತ್ತು. ಹಿಂದೆ ಹುಲ್ಲು ಸರಸರ ಮಲಗಿದ ಸದ್ದು, ಕುತ್ತಿಗೆಯ ಮೇಲೆ ಯಾರೋ ಬಾಗಿ ಉಸಿರುಬಿಟ್ಟ ಹಾಗೆ ತಣ್ಣಗೆ, ಕ್ಷಣ ಬಿಟ್ಟು ಅಷ್ಟು ದೂರದಲ್ಲಿ ವಿಮಾನ ಬೆಚ್ಚಿ ತಲೆ ಎತ್ತುತ್ತಿತ್ತು. ಎತ್ತುವ ಮೊದಲೇ ಮೂಗನ್ನು ತುಸು ಒತ್ತಿ ಹಿಡಿಯಬೇಕು. ಮೊದಮೊದಲು ತಡವಾಗಿ, ವಿಮಾನ ನಿಂತಲ್ಲೇ ಏರಿ ಅಂಗಾತ ಬೀಳುವಂತಾಗುತ್ತಿತ್ತು. ಇಂಜಿನ್ ಕಮ್ಮಿ ಮಾಡಿ ಹುಲ್ಲಿಗೆ ಇಳಿಸುತ್ತಿದ್ದೆ. ಬರುಬರುತ್ತ ಬೆರಳು ಕತ್ತಿನ ಮಾತು ಕೇಳತೊಡಗಿತು. ಉಸಿರು ಬಿತ್ತು, ಒತ್ತು. ಉಸಿರು ತಗ್ಗಿತು, ಬಿಡು. ಹೀಗೆ ಒತ್ತಿ ಬಿಡುವಾಗ ನನ್ನ ಮೂಗಿನಿಂದ ಕಾಕಾರ ಹೂಂಕಾರ ಹೊರಡುತ್ತಿತ್ತು, ಅವರೋ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದರು.

ಆದರೂ ವಿಮಾನ ನಡುಗುತ್ತಿತ್ತು, ಅತ್ತಿತ್ತ ಜರಗುತ್ತಿತ್ತು. ಕಾಕಾ ಹುಡುಕುತ್ತಿದ್ದರು, ಕಳೆದುಕೊಳ್ಳುತ್ತಿದ್ದರು. "ಇತ್ತು, ಹೋತು" ಎನ್ನುತ್ತಿದ್ದರು. ಒಂದು ದಿನ ಬಸ್ ಸ್ಟಾಪಿನಲ್ಲಿ ಯಾರನ್ನೂ ಉದ್ದೇಶಿಸದೆ, "ಎರಡಾಣೆ ಆಗೇದ" ಎಂದರು. ಕಾಕು ಅವರ ತೋಳು ಹಿಡಿದುಕೊಂಡರು.

ಮಳೆಗಾಲದ ಬಾಗಿಲಲ್ಲಿ ಒಂದು ಭಾನುವಾರ ಮಧ್ಯಾಹ್ನ ಬಂತು. ಆಕಾಶಕ್ಕೆ ಸೀಸದ ಬಣ್ಣ, ಕೆರೆಗೂ ಅದೇ ಬಣ್ಣ. ಎಮ್ಮೆಗಳು ಬಯಲಿನಲ್ಲಿರಲಿಲ್ಲ. ಗಾಳಿ ಬಿರುಸು ಬಿರುಸಾಗಿ ಬರದೆ ಒಂದೇ ಸಮ ಬರುತ್ತಿತ್ತು, ದೊಡ್ಡ ಬಾಗಿಲನ್ನು ಯಾರೋ ತೆರೆದಿಟ್ಟು ಮರೆತ ಹಾಗೆ. ಕೆರೆಯ ಮೇಲೆ ಹದ್ದುಗಳು ರೆಕ್ಕೆ ಬಡಿಯದೆ, ಮುಂದೆಯೂ ಹೋಗದೆ, ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿದ್ದವು.

ಕಾಕು ಎಸೆದರು. ವಿಮಾನ ಎದ್ದು ಅವರ ತಲೆಯ ಮೇಲೆ ಒಂದು ತೆಂಗಿನಮರದೆತ್ತರಕ್ಕೆ ಬಂದು, ನಿಂತಿತು.

ನಿಜವಾಗಿ ನಿಂತಿತು. ಇಂಜಿನ್ ಪೂರ್ತಿ ಒದರುತ್ತಿದೆ, ಹಿಂದೆ ಹೊಗೆ ಎಳೆಎಳೆಯಾಗಿ ಓಡುತ್ತಿದೆ, ವಿಮಾನ ಮಾತ್ರ ಅಲ್ಲಾಡುತ್ತಿಲ್ಲ. ಹದ್ದುಗಳ ಸಾಲಿನಲ್ಲಿ ಇನ್ನೊಂದು. ಬಿಳಿಯ ಮೇಲೆ ಕಿತ್ತಳೆ ಹೂ, ನಡುವೆ ಕಪ್ಪು ಮೂಗು. ಅದು ನಮ್ಮನ್ನೇ ನೋಡುತ್ತಿತ್ತು. ಏನನ್ನೋ ಕೇಳಬೇಕೆಂದು ಬಂದು, ಕೇಳದೆ ನಿಂತವರ ಹಾಗೆ.

ಕಾಕಾರ ಮುಖ ಹೊರಳುತ್ತ ಹೋಯಿತು. ಮೋಡ, ಗುಡ್ಡ, ಮೋಡ. ನಿಂತಿತು.

"ಸಿಕ್ತು" ಎಂದರು.

ನಾನು ಅವರತ್ತ ತಿರುಗಹೋದೆ.

"ಸುಮ್ಮಕಿರು. ಹಂಗ ಇಡು. ಹೂ ಕಾಣಸ್ತಾವ. ಎಡಗಡೆ ರೆಕ್ಕಿಗೆ ಎರಡು ಹೂ, ಬಲಗಡೆ ಒಂದೂವರಿ. ಸೀರಿ ಸಾಲಲಿಲ್ಲ ಅಲ್ಲಿ. ಗಾಲಿ ಅವ. ಪಂಖಾ ಬರೇ ಒಂದ್ ಗುಂಡನ ಮಂಜು." ನಕ್ಷೆ ಓದುವವರ ದನಿ. "ಛಂದ ಆಗೇದಲೇ. ಖರೇನ ಛಂದ ಆಗೇದ. ನಾನs ಮಾಡಿದ್ದು ಅನಸೂದಿಲ್ಲ."

ಎಷ್ಟು ಹೊತ್ತು ಹಾಗೆ ಇತ್ತೋ ಗೊತ್ತಿಲ್ಲ. ಆಮೇಲೆ ನನ್ನ ಕುತ್ತಿಗೆ ತಣ್ಣಗಾಯಿತು. ಉಸಿರು ಬಿತ್ತು, ಒತ್ತಿ ಹಿಡಿದೆ. ತಗ್ಗೀತು ಎಂದು ಕಾದೆ. ತಗ್ಗಲಿಲ್ಲ. ಅಂಗಿ ಮೈಗೆ ಅಂಟಿತು, ಲುಂಗಿಯುಟ್ಟವರಾಗಿದ್ದರೆ ಇಬ್ಬರೂ ಹಾರಿಹೋಗುತ್ತಿದ್ದೆವು. ಹದ್ದುಗಳು ಒಂದೊಂದಾಗಿ ಮಗ್ಗುಲಾಗಿ ಕೆಳಗೆ ಜಾರಿದವು. ವಿಮಾನ ಉಳಿಯಿತು. ಆಮೇಲೆ ಹೂಗಳು ತುಸು ಸಣ್ಣವಾದವು.

ಅದು ಹಿಂದಕ್ಕೆ ಹೋಗುತ್ತಿತ್ತು. ಮುಖ ನಮ್ಮತ್ತಲೇ. ಗರ್ಭಗುಡಿಯಿಂದ ಹೊರಡುವವರು ದೇವರಿಗೆ ಬೆನ್ನು ತೋರಿಸದೆ ಹೆಜ್ಜೆ ಹಿಂದಿಡುತ್ತ ಸರಿಯುತ್ತಾರಲ್ಲ, ಹಾಗೆ.

"ಹಿಂದಕ್ಕ ಹೊಂಟದ್ರೀ ಕಾಕಾ. ಗಾಳಿ ಜಾಸ್ತಿ ಆತು. ಮೂಗು ಇಳಿಸಿ ಕೆಳಗ ತರ್ತೀನಿ, ಕೆಳಗ ಗಾಳಿ ಕಮ್ಮಿ ಇರತದ."

"ಬ್ಯಾಡ."

"ನೀರಿನ ಮ್ಯಾಲ ಹೋತ್ರೀ!"

"ಇಳಿಸಿದ್ರ ನನ್ನ ಕೈ ತಪ್ಪತದ. ಮತ್ತ ಸಿಗೂದಿಲ್ಲ. ಈಗ ನಟ್ಟನಡುವ ಅದ." ಅವರು ಕೈ ಎತ್ತಿ ನನ್ನ ಮಣಿಕಟ್ಟನ್ನು ಹುಡುಕದೆಯೇ ಹಿಡಿದರು. ಹುಡುಕದೆ ಏನನ್ನಾದರೂ ಹಿಡಿದದ್ದನ್ನು ನಾನು ಅಂದೇ ನೋಡಿದ್ದು. "ಹಿಂಗ ಇಡು. ಹೋಗಲಿ. ನೆಟ್ಟಗ ಹೋಗಲಿ."

ನಾಲ್ಕು ವರ್ಷದ ಕೆಲಸ, ಕೆಳಗೆ ಮೊಸಳೆ ಇವೆ ಎಂದು ಜನ ಹೇಳುವ ಕೆರೆ. ನನ್ನ ಹೆಬ್ಬೆರಳು ಒಂದು ಅಕ್ಕಿಕಾಳಿನಷ್ಟು ಮುಂದೆ ಹೋದರೆ ಸಾಕಿತ್ತು, ಅದು ತಿರುಗಿ ಬರುತ್ತಿತ್ತು. ಬೆರಳು ತವಕಿಸುತ್ತಿತ್ತು. ಹಿಡಿದು ನಿಲ್ಲಿಸಿದೆ. ರೆಕ್ಕೆಯನ್ನು ಮಟ್ಟವಾಗಿ, ಮುಖವನ್ನು ನೇರವಾಗಿ ಇಡುವುದಷ್ಟೇ ನನ್ನ ಕೆಲಸವಾಯಿತು. ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಏನನ್ನೂ ಮಾಡಿಲ್ಲ.

ಹೂಗಳು ಬಣ್ಣವಾದವು. ಬಣ್ಣ ಒಂದು ಗೆರೆಯಾಯಿತು, ಗೆರೆಯ ನಡುವೆ ಒಂದು ಚುಕ್ಕೆ. ಗಾಳಿ ಸದ್ದನ್ನು ಅತ್ತಲೇ ಒಯ್ಯುತ್ತಿದ್ದುದರಿಂದ ಇಂಜಿನ್ನಿನ ಒದರಾಟ ಮೊದಲೇ ಕರಗಿಹೋಯಿತು. ನೀರಿನಂಚಿನಲ್ಲಿ ಕಾಕು ನಮ್ಮ ಕಡೆ ತಿರುಗಿ, ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಏನೋ ಕೂಗುತ್ತಿದ್ದರು. ಅಗಲವಾಗಿ ತೆರೆದ ಬಾಯಿ ಕಾಣುತ್ತಿತ್ತು, ದನಿ ಇರಲಿಲ್ಲ.

ಆಚೆಯ ಗುಡ್ಡದ ಮೇಲೆ ಮೋಡ ಇಳಿದಿತ್ತು. ಚುಕ್ಕೆ ಅದರೆದುರು ಒಂದು ಗಳಿಗೆ ಇತ್ತು. ಆಮೇಲೆ ನನಗೆ ಕಾಣಲಿಲ್ಲ. ನನ್ನವು ಎರಡೂ ಒಳ್ಳೆಯ ಕಣ್ಣು, ಕಾರ್ಖಾನೆಯ ಡಾಕ್ಟರು ಬರೆದುಕೊಟ್ಟಂಥವು. ರೆಪ್ಪೆ ಬಡಿದು ನೋಡಿದೆ. ಬರೀ ಮೋಡ.

"ಕಾಕಾ" ಎಂದೆ. "ಹೋತ್ರೀ."

"ಎಲ್ಲಿ ಹೋಗೇದ? ಅಲ್ಲೇ ಅದ."

ಅವರ ಕತ್ತು ಕದಲಿರಲಿಲ್ಲ. ಮುಖದಲ್ಲಿ ಹುಡುಕಾಟದ ಗುರುತೇ ಇರಲಿಲ್ಲ. ಮೊದಲ ಹನಿಗಳು ಡಬ್ಬಿಯ ತಗಡಿನ ಮೇಲೆ ಟಪಟಪ ಬಿದ್ದವು. ಒಂದು ಹನಿ ಅವರ ಹುಬ್ಬಿನಿಂದ ತೆರೆದ ಕಣ್ಣಿನ ಮೇಲೇ ಇಳಿಯಿತು, ಅವರು ರೆಪ್ಪೆ ಮುಚ್ಚಲಿಲ್ಲ.

"ಕಾಣಸ್ತದೇನ್ರೀ?"

"ಛಲೋ ಕಾಣಸ್ತದ." ನನ್ನ ಮಣಿಕಟ್ಟಿನ ಮೇಲಿನ ಹಿಡಿತ ಬಿಗಿಯಾಯಿತು. "ಸ್ವಲ್ಪ ವಾಲ್ಲಿಕತ್ತದ ನೋಡು. ಎಡಕ್ಕ ಕೊಡು."

ನಾನು ಕಡ್ಡಿಯನ್ನು ಎಡಕ್ಕೆ ಒತ್ತಿದೆ.

"ಹಾಂ" ಎಂದರು ಕಾಕಾ, ಮೋಡವನ್ನು ನೋಡುತ್ತ. "ಈಗ ಸರಿ ಆತು."